ಹೊಸದು ಬೇಡದ ಮನೆ

ಕಂಡಕ್ಟರಕ್ಕ ತಂಗಿಯ ಮಗಳ ರಟ್ಟೆ ಹಿಡಿದು ಬಕೆಟ್ಟಿನ ಮುಂದಿನಿಂದ ಎಬ್ಬಿಸಿದಳು.

"ಏಳೇ ಮೇಲೆ! ಹೆತ್ತ ತಾಯಿ ಒಳಗೆ ಹೆಣವಾಗಿ ಮಲಗಿದಾಳೆ, ನೀನಿಲ್ಲಿ ಬಟ್ಟೆ ಕುಕ್ತಾ ಇದೀಯಾ?"

"ಅಪ್ಪ ಹೇಳಿದ್ರು ದೊಡ್ಡಮ್ಮ. ರಾತ್ರಿ ಉಳ್ಕೊಳ್ಳೋರಿಗೆ ಹೊದಿಯೋಕೆ ಬೇರೆ ಇಲ್ವಲ್ಲ. ಮನೇಲಿದ್ದ ಹೆಚ್ಚಿನ ಹೊದಿಕೆಯೆಲ್ಲ ಕೊಟ್ಟುಬಿಟ್ಟಿದಾರೆ."

"ಪಕ್ಕದ ಮನೇಲಿ ಕೇಳೋಕೆ ನಿಮ್ಮಪ್ಪನ ಬಾಯಿಗೇನು ಬೀಗ ಬಿದ್ದಿದೆಯಾ?"

ತುಂಬಿದ ಬಸ್ಸಿನ ಹಿಂದಿನ ಬಾಗಿಲಲ್ಲಿ ನಿಂತು ಡ್ರೈವರನಿಗೆ ಕೇಳಿಸುವಂತೆ ಕೂಗಿ ಪಳಗಿದ ಗಂಟಲು ಅದು. ಒಳಗೆ ಕೂತವರೆಲ್ಲ ತಿರುಗಿ ನೋಡಿದರು. "ಕಂಡಕ್ಟರಕ್ಕ ಬಂದ್ರು, ಜಾಗ ಬಿಡಿ" ಎಂದು ಯಾರೋ ಪಿಸುಗುಟ್ಟಿದರು.

ಅವಳು ಹುಡುಗಿಯ ಒದ್ದೆ ಕೈ ಒರೆಸಿ ಒಳಗೆ ಕರೆತಂದು ತಾಯಿಯ ತಲೆಯ ಹತ್ತಿರ ಕೂರಿಸಿದಳು. ಎದುರಿಗೆ ಹುಡುಗಿಯ ಅಪ್ಪ, ಮೇಷ್ಟ್ರು, ಗೋಡೆಗೊರಗಿ ಕೂತಿದ್ದರು. ಪಕ್ಕದಲ್ಲಿ ಅವರ ಸರಳ ಬದುಕಿನ ಬಳಗದ ಅಧ್ಯಕ್ಷರು ಬಂದವರಿಗೆ ಹೇಳುತ್ತಿದ್ದರು.

"ಎಂಥಾ ಸಂಸಾರ ರೀ ಇದು! ಒಂದು ವರ್ಷ ಹೊಸದು ಅಂತ ಒಂದು ಸಾಮಾನು ತರದೆ ಬದುಕಿ ತೋರಿಸಿದ್ರು. ಮನೇಲಿ ಕಸದ ಬುಟ್ಟೀನೇ ಇಲ್ಲ, ಗೊತ್ತಾ?"

"ಬುಟ್ಟಿ ಇರ್ಲಿಲ್ಲ," ಅಂದಳು ಕಂಡಕ್ಟರಕ್ಕ. "ನನ್ನ ತಂಗಿ ಇದ್ಳಲ್ಲ."

ಮೇಷ್ಟ್ರು ತಲೆಯೆತ್ತದೆ ಅಧ್ಯಕ್ಷರಿಗೆ ಹೇಳಿದರು. ಅತ್ತೂ ಅತ್ತೂ ಅವರ ದನಿ ಒಡೆದಿತ್ತು.

"ಇದನ್ನ ನಿಲ್ಲಿಸಲ್ಲ ಸಾರ್. ಎರಡನೇ ವರ್ಷ ಅವಳ ನೆನಪಿಗೆ. ಮಗಳಿದಾಳೆ, ನೋಡ್ಕೋತಾಳೆ. ನರ್ಸಿಂಗು ಮುಂದಿನ ವರ್ಷ ನೋಡಿದ್ರಾಯ್ತು."

ಹುಡುಗಿ ನೆಲ ನೋಡಿದಳು. ಬೇರೆ ಊರಿನ ನರ್ಸಿಂಗ್ ಶಾಲೆಯಲ್ಲಿ ಸೀಟು ಸಿಕ್ಕಿತ್ತು, ಹಾಸ್ಟೆಲು ಗೊತ್ತುಮಾಡಿಯಾಗಿತ್ತು. ಸೋಮವಾರ ಹೋಗಿ ಸೇರಬೇಕಿತ್ತು.

* * *

ವರ್ಷದ ಹಿಂದೆ ಯಾವುದೋ ಭಾಷಣ ಕೇಳಿಕೊಂಡು ಬಂದ ಮೇಷ್ಟ್ರು ಬಟ್ಟೆ ಒಗೆಯುವ ಮಿಷನ್ನು, ಫ್ರಿಜ್ಜು, ಟೀವಿ, ಸ್ಕೂಟರು ಎಲ್ಲವನ್ನೂ ಕೊಟ್ಟುಬಿಟ್ಟಿದ್ದರು. ಬಿಟ್ಟವರು ಅವರು, ಹೊತ್ತವಳು ಹೆಂಡತಿ. ದಿನಾ ಸಂತೆಬೀದಿಗೆ ನಡೆದು ತರಕಾರಿ ತರಬೇಕು, ಹರಿದದ್ದನ್ನೆಲ್ಲ ಹೊಲಿಯಬೇಕು, ಸೋಪನ್ನೂ ಮನೆಯಲ್ಲೇ ಕಾಯಿಸಿ ಮಾಡಬೇಕು. ಮೇಷ್ಟ್ರು ಊರೂರಿಗೆ ಹೋಗಿ ಅದರ ಬಗ್ಗೆ ಮಾತಾಡಬೇಕು.

ರಜೆಯ ದಿನ ಬಂದ ಕಂಡಕ್ಟರಕ್ಕ ತಂಗಿಯ ಕೈ ನೋಡಿದಳು. ಬೆರಳ ಸಂದಿಯೆಲ್ಲ ಬಿರುಕು.

"ನಾಳೆನೇ ಮಿಷನ್ ತಂದು ಇಳಿಸ್ತೀನಿ. ನಿನ್ನ ಗಂಡ ಅದೇನು ಮಾಡ್ತಾನೋ ನೋಡೇಬಿಡ್ತೀನಿ."

"ಸುಮ್ನಿರೇ ಅಕ್ಕ. ಮದುವೆಯಾದಾಗಿಂದ ತಟ್ಟೆ ಹಿಡ್ಕೊಂಡು ಟೀವಿ ಮುಂದೆ ಕೂತ ಮನುಷ್ಯ. ಈಗ ಟೀವಿ ಇಲ್ಲ, ನನ್ನ ಪಕ್ಕ ಕೂತು ಉಣ್ತಾರೆ. ಇವತ್ತು ಏನು ಮಾಡ್ದೆ ಅಂತ ಕೇಳ್ತಾರೆ. ಅದನ್ನ ಕೆಡಿಸಬೇಡ."

"ಏನಂತೀಯಾ ಅದಕ್ಕೆ?"

"ಬಟ್ಟೆ ಒಗೆದೆ ಅಂತೀನಿ."

ಹೇಳಿ ತಂಗಿ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು. ಅಕ್ಕನಿಗೆ ಮೈಯೆಲ್ಲ ಉರಿದಿತ್ತು.

* * *

ಜ್ವರ ಎದೆಗಿಳಿದು ತಂಗಿ ಹೋದಳು. ಆ ಒಂದು ವರ್ಷಕ್ಕೂ ಇದಕ್ಕೂ ಸಂಬಂಧವಿಲ್ಲ, ಯಾರಿಗೆ ಬೇಕಾದರೂ ಬರುತ್ತದೆ ಎಂದು ಡಾಕ್ಟರು ಬಿಡಿಸಿ ಹೇಳಿದ್ದರು. ಕಂಡಕ್ಟರಕ್ಕ ನಂಬಿದ್ದಳು ಕೂಡ. ನಂಬಿದರೆ ಕೋಪ ಇಳಿಯುತ್ತದೆಯೇ? ಈಗ ಹೆಣದ ಮುಂದೆಯೇ ಅವಳು ಮೇಷ್ಟ್ರ ಕಡೆ ತಿರುಗಿದಳು.

"ಮೇಷ್ಟ್ರೇ, ಎರಡನೇ ವರ್ಷ ಮಾಡಿ. ಬೇಡ ಅನ್ನಲ್ಲ. ನೀವೇ ಒಗೀರಿ."

"ಅಕ್ಕಾ, ಇವತ್ತು ಈ ಮಾತು ಬೇಕಾ?"

"ನೀವು ತಾನೇ ಎತ್ತಿದ್ದು!"

"ಅವಳು ಒಂದು ದಿನಾನೂ ಕಷ್ಟ ಅಂತ ಬಾಯಿಬಿಟ್ಟಿಲ್ಲ. ಇಷ್ಟಪಟ್ಟೇ ಮಾಡಿದ್ಲು."

"ನಿಮ್ಮನ್ನ ಇಷ್ಟಪಟ್ಳು ರೀ! ಬಟ್ಟೆ ಒಗೆಯೋದನ್ನಲ್ಲ! ಓದಿದೀರಿ, ಅಷ್ಟೂ ತಿಳಿಯಲ್ವಾ?"

"ಸಾವಿನ ಮನೆ ಕಣಮ್ಮ, ಮೆತ್ತಗೆ," ಅಂದರು ಅಧ್ಯಕ್ಷರು.

"ನಿಮ್ಮನೇಲಿ ಬಟ್ಟೆ ಯಾರು ಒಗೀತಾರೆ ಸ್ವಾಮಿ?"

ಅಧ್ಯಕ್ಷರು ಬಾಗಿಲ ಕಡೆ ನೋಡಿದರು. ಹೊರಗೆ ಹೆಣ ಒಯ್ಯುವ ಗಾಡಿ ಬಂದು ನಿಂತಿತ್ತು. ಎಲ್ಲರೂ ಎದ್ದರು. ಆಗ ತಾಯಿಯ ತಲೆಯ ಹತ್ತಿರದಿಂದ ಸಣ್ಣ ದನಿ ಕೇಳಿತು.

"ನಾನು ಸೋಮವಾರ ಹೋಗ್ತೀನಪ್ಪ."

ಮೇಷ್ಟ್ರು ಮಗಳನ್ನು ನೋಡಿದರು, ಹೆಂಡತಿಯ ಮುಖ ನೋಡಿದರು.

* * *

ಮಣ್ಣು ಮಾಡಿ ಬರುವ ಹೊತ್ತಿಗೆ ಸಂಜೆಯಾಗಿತ್ತು. ದೂರದಿಂದ ಬಂದವರು ನಡುಮನೆಯಲ್ಲಿ ಸುಸ್ತಾಗಿ ಕೂತರು. ಒಬ್ಬ ಮುದುಕರು, "ಒಂದು ಲೋಟ ಟೀ ಸಿಕ್ಕಿದ್ರೆ..." ಅಂದರು. ಎಲ್ಲರ ಕಣ್ಣೂ ಹುಡುಗಿಯ ಮೇಲೆ ಹೋಯಿತು. ಅವಳು ದೊಡ್ಡಮ್ಮನ ಪಕ್ಕ ಕೂತೇ ಇದ್ದಳು.

ಕೊನೆಗೆ ಮೇಷ್ಟ್ರೇ ಎದ್ದು ಅಡುಗೆಮನೆಗೆ ಹೋದರು.

ಅಲ್ಲಿ ಹಲಗೆಯ ತುಂಬ ತೊಳೆದು ತುಂಬಿಸಿಟ್ಟ, ಒಳಗಿನದು ಕಾಣದ ಹಳೆಯ ಕಂದು ಗಾಜಿನ ಬಾಟಲಿಗಳು, ಎಲ್ಲ ಒಂದೇ ಥರ, ಒಂದರ ಮೇಲೂ ಹೆಸರಿಲ್ಲ. ಯಾವುದರಲ್ಲಿ ಏನಿದೆಯೆಂದು ತಿಳಿದಿದ್ದ ಇಬ್ಬರಲ್ಲಿ ಒಬ್ಬಳು ಈಗ ಇಲ್ಲ, ಇನ್ನೊಬ್ಬಳು ಏಳಲಿಲ್ಲ. ಮೇಷ್ಟ್ರು ಒಂದು ಮುಚ್ಚಳ ತೆಗೆದು ಮೂಸಿ ಇಟ್ಟರು. ಇನ್ನೊಂದು ತೆಗೆದರು. ಮತ್ತೊಂದು.

"ಟೀಪುಡಿ ಯಾವುದ್ರಲ್ಲಿದೆ?" ಎಂದು ಗೋಡೆಯನ್ನು ಕೇಳುವವರಂತೆ ಕೇಳಿದರು.

ಅವರು ಮುಂದಿನ ಬಾಟಲಿಯನ್ನು ಮೂಗಿನ ಹತ್ತಿರ ಹಿಡಿದವರು ಹಾಗೇ ನಿಂತುಬಿಟ್ಟರು. ಹಿಂದಿನಿಂದ ಭುಜ ಅಲುಗುವುದಷ್ಟೇ ಕಾಣುತ್ತಿತ್ತು. ಮೆಣಸಿನ ಘಾಟೋ, ಅಳುವೋ.

ಹುಡುಗಿ ಅರ್ಧ ಎದ್ದಳು. ಕಂಡಕ್ಟರಕ್ಕ ಅವಳ ಮೊಣಕಾಲ ಮೇಲೆ ಕೈಯಿಟ್ಟು ಒತ್ತಿ ಹಿಡಿದಳು. ಅಡುಗೆಮನೆಯಲ್ಲಿ ಇನ್ನೊಂದು ಮುಚ್ಚಳ ತಿರುಗಿದ ಸದ್ದಾಯಿತು.