ನಲವತ್ತೇಳನೇ ಚಿತ್ರ

ಲಾಂಡ್ರಿಯವನಿಗೆ ಮುಖ ನೆನಪಿರುತ್ತಿರಲಿಲ್ಲ, ನಂಬರ್ ನೆನಪಿರುತ್ತಿತ್ತು. ಬಂದ ಬಟ್ಟೆಗೆಲ್ಲ ನಂಬರಿನ ಚೀಟಿ ಪಿನ್ ಮಾಡಿ ಮಾಡಿ ಅವನ ತಲೆಯೇ ಹಾಗಾಗಿಬಿಟ್ಟಿತ್ತು. ಬೀದಿಯಲ್ಲಿ ಯಾರಾದರೂ ನಿಲ್ಲಿಸಿ ಮಾತಾಡಿಸಿದರೆ ಕಣ್ಣು ಕಣ್ಣು ಬಿಡುತ್ತಿದ್ದ; ಅವರ ಕೋಟಿನ ನಂಬರ್ ಹೇಳಿದ ಮೇಲೆಯೇ ಮುಖ ಅರಳುತ್ತಿತ್ತು. “ನನಗೂ ಒಂದು ಚೀಟಿ ಚುಚ್ಚಿಬಿಡಿ, ಆಗಲಾದ್ರೂ ನೆನಪಿರ್ತೀನಿ” ಎಂದು ಹೆಂಡತಿ ಕಾಲೆಳೆಯುತ್ತಿದ್ದಳು.

ಅವಳು ತೀರಿಕೊಂಡು ವರ್ಷವಾಗುತ್ತಾ ಬಂದಿತ್ತು. ಮಕ್ಕಳಿರಲಿಲ್ಲ. ಸಂಜೆ ಬಂದರೆ ಬಾಗಿಲು ತಾನೇ ತೆಗೆಯಬೇಕು. ಕೀ ಇನ್ನೂ ಕೈಗೆ ಒಗ್ಗಿರಲಿಲ್ಲ. ಒಳಗೆ ಅವಳು ದಿನವೂ ಕೂರುತ್ತಿದ್ದ ಕಂಪ್ಯೂಟರ್ ಇತ್ತು. ಅದನ್ನು ಆನ್ ಮಾಡಿ ಫೋಟೋ ನೋಡುವುದಷ್ಟೇ ಅವನಿಗೆ ಗೊತ್ತು. ರಜೆಯ ಮಧ್ಯಾಹ್ನ ತಟ್ಟೆ ತೊಳೆದಿಟ್ಟು ಅದರ ಮುಂದೆ ಕೂರುತ್ತಿದ್ದ. ಒಂದು ತಟ್ಟೆ ತೊಳೆಯಲು ಎಷ್ಟು ಹೊತ್ತು ಬೇಕು?

ಕಂಪ್ಯೂಟರ್ ಯಾಕೋ ನಿಧಾನವಾಗಿದೆ ಎಂದು ಅಂಗಡಿಯ ಪಕ್ಕದ ಕಂಪ್ಯೂಟರ್ ರಿಪೇರಿಯವಳನ್ನು ಕೇಳಿದಾಗ ಅವಳು ಮಾತಿನ ಭರದಲ್ಲಿ, “ಅದರೊಳಗೆ ನಮಗೆ ಕಾಣದ ಫೈಲುಗಳು ಎಷ್ಟೋ ಇರ್ತವೆ ಅಣ್ಣ. ಬಚ್ಚಿಟ್ಟಿದ್ದನ್ನೂ ತೋರಿಸು ಅಂತ ಟಿಕ್ ಹಾಕಿದ್ರೆ ಎಲ್ಲಾ ಆಚೆ ಬರ್ತವೆ” ಎಂದು, ಎಲ್ಲಿ ಹಾಕಬೇಕೆಂಬುದನ್ನೂ ತೋರಿಸಿಬಿಟ್ಟಳು. ಅವನ ತಲೆಗೆ ಹುಳ ಬಿಟ್ಟಂತಾಯಿತು. ಬಚ್ಚಿಟ್ಟಿದ್ದು ಯಾರು? ಆ ಕಂಪ್ಯೂಟರ್ ಮುಟ್ಟುತ್ತಿದ್ದವಳು ಅವಳೊಬ್ಬಳೇ.

ರಜೆಯ ದಿನ ಟಿಕ್ ಹಾಕಿದ. ಅವಳು ಮಾಡಿಟ್ಟಿದ್ದ ಒಂದೊಂದು ಫೋಲ್ಡರಿನಲ್ಲೂ ಒಂದೊಂದು ಮಸುಕು ಫೈಲು, ಒಗೆದರೂ ಪೂರ್ತಿ ಹೋಗದ ಕಲೆಯ ಹಾಗೆ. ಅಂಗಡಿಯ ಫೋಟೋಗಳನ್ನೂ ಅವನ ಫೋಟೋಗಳನ್ನೂ ಅವಳು ‘ಇವರು’ ಎಂಬ ಹೆಸರಿನ ಫೋಲ್ಡರಿನಲ್ಲಿ ಇಟ್ಟಿದ್ದಳು. ಅದರಲ್ಲೂ ಒಂದಿತ್ತು. ನನ್ನ ಬಗ್ಗೆ ನನಗೇ ಕಾಣದ ಹಾಗೆ ಏನಿಟ್ಟಿದ್ದಾಳೆ? ತೆರೆದ. ಎರಡು ಮೂರು ಸಾಲು ಇಂಗ್ಲಿಷು, ಕೊನೆಗೆ ನಲವತ್ತೇಳು ಎಂಬ ಅಂಕಿ. ಅಷ್ಟೇ.

ಒಂದು ಬೈಗುಳವಾದರೂ ಇರಬಾರದಿತ್ತೇ ಎನಿಸಿತು ಅವನಿಗೆ. ಆ ನಿರಾಸೆಯಲ್ಲಿ ಕೈ ತನ್ನ ಕಸುಬಿಗೆ ಇಳಿಯಿತು. ಕಲೆ ಕಂಡರೆ ತೆಗೆಯಬೇಕು. ಬೇಡ, ಯೋಚಿಸು ಎಂದು ಕಂಪ್ಯೂಟರ್ ಎಚ್ಚರಿಸಿದಾಗಲೆಲ್ಲ ಹೂಂ ಹೂಂ ಎಂದು ಒತ್ತಿ ಎಲ್ಲವನ್ನೂ ಅಳಿಸಿದ. ಕೊಳೆ ನೀರನ್ನು ಇಟ್ಟುಕೊಂಡವನೇ ಅಲ್ಲ ಅವನು. ಅಳಿಸಿದ್ದು ಹೋಗಿ ಬೀಳುವ ಬುಟ್ಟಿಯನ್ನೂ ಖಾಲಿ ಮಾಡಿ ಎದ್ದ.

ಮುಂದಿನ ರಜೆಗೆ ಆನ್ ಮಾಡಿದರೆ ಫೋಲ್ಡರುಗಳೆಲ್ಲ ಒಂದೇ ಅಚ್ಚಿನ ಹಳದಿ. ಅವಳು ಒಂದೊಂದಕ್ಕೂ ಒಂದೊಂದು ಪುಟ್ಟ ಚಿತ್ರ ಆರಿಸಿಟ್ಟಿದ್ದಳೆಂದು ಆಗ ಹೊಳೆಯಿತು. ಪ್ರವಾಸದ ಫೋಟೋಗಳಿಗೆ ಮರವಿತ್ತು. ತನ್ನ ತಂಗಿಯ ಫೋಲ್ಡರಿಗೆ ನಕ್ಷತ್ರ. ‘ಇವರು’ ಮೇಲೆ ಏನಿತ್ತು? ಎಷ್ಟು ತಿಣುಕಿದರೂ ನೆನಪಾಗಲಿಲ್ಲ. ಅದರ ಮೇಲೆ ಎಷ್ಟು ಸಲ ಒತ್ತಿದ್ದನೋ, ಒಮ್ಮೆಯೂ ಸರಿಯಾಗಿ ನೋಡಿರಲಿಲ್ಲ. ನಾದಿನಿಗೆ ಫೋನ್ ಮಾಡಿದ. “ಅಕ್ಕನ ಕಂಪ್ಯೂಟರ್ ನಾನೆಲ್ಲಿ ನೋಡಿದೀನಿ ಭಾವ?” ಎಂದಳು ಅವಳು. ಊಟ ಆಯ್ತಾ ಎಂದು ಕೇಳಿ ಫೋನ್ ಇಟ್ಟಳು. ಭೂಮಿಯ ಮೇಲೆ ಇನ್ಯಾರನ್ನೂ ಕೇಳುವ ಹಾಗಿರಲಿಲ್ಲ.

“ಅಯ್ಯೋ ಅಣ್ಣ, ಅದು ಕಲೆಯಲ್ಲ, ಚೀಟಿ!” ಎಂದಳು ರಿಪೇರಿಯವಳು, ಕಲೆಯೆಂದು ಅಳಿಸಿದ ಕಥೆಯನ್ನು ಮರುದಿನ ಅವನಿಂದ ಕೇಳಿ. “ಯಾವ ಫೋಲ್ಡರಿಗೆ ಎಷ್ಟನೇ ಚಿತ್ರ ಅಂತ ಅದರಲ್ಲೇ ಬರ್ಕೊಂಡಿರುತ್ತೆ.”

ಲಾಂಡ್ರಿಯವನ ಮುಖ ಕಪ್ಪಿಟ್ಟಿತು. ಚೀಟಿ ಕಿತ್ತ ಬಟ್ಟೆ ಯಾರದೂ ಅಲ್ಲದ ಬಟ್ಟೆ. ಪರರ ಒಂದು ಕರ್ಚೀಫಿನ ಚೀಟಿಯನ್ನೂ ಕಳೆಯದವನು ಅವಳ ಚೀಟಿಗಳನ್ನು ತನ್ನ ಕೈಯಾರೆ ಕಿತ್ತು ಎಸೆದಿದ್ದ.

“ನಂಬರ್ ಏನಾದ್ರೂ...”

“ನಲವತ್ತೇಳು” ಎಂದ, ಅವಳ ಮಾತು ಮುಗಿಯುವ ಮುಂಚೆಯೇ.

ಚಿತ್ರಗಳ ಸಾಲು ತೆರೆಯುವುದು ಹೇಗೆಂದು ಹೇಳಿಸಿಕೊಂಡು ಮನೆಗೆ ಬಂದ. ಪರದೆಯ ಮೇಲೆ ಬೆರಳಿಟ್ಟು ಎಣಿಸಿದ. ನಲವತ್ತೇಳನೆಯದು ಕಸದ ಬುಟ್ಟಿ.

ಮತ್ತೆ ಎಣಿಸಿದ. ಕಸದ ಬುಟ್ಟಿಯೇ.

ಬದುಕಿದ್ದಷ್ಟು ದಿನ ಒಂದು ಮಾತು ಎತ್ತಿ ಆಡಿದವಳಲ್ಲ. ಅಂಗಡಿ ಅಂಗಡಿ ಎಂದು ಅವನು ಸಾಯುತ್ತಿದ್ದಾಗ ಇದನ್ನು ಹೊಟ್ಟೆಯೊಳಗೆ ಇಟ್ಟುಕೊಂಡಿದ್ದಳೇ? ಆ ಸಂಜೆ ಅವನಿಗೆ ಅನ್ನ ಇಳಿಯಲಿಲ್ಲ. ಅವಳಿಲ್ಲದ ಮನೆ ಅಷ್ಟು ದಿನ ಬರಿದಾಗಿತ್ತು, ಈಗ ಅವನನ್ನೇ ಆಚೆಗೆ ತಳ್ಳುತ್ತಿರುವಂತಿತ್ತು.

“ಸಿಕ್ತಾ ಅಣ್ಣ?” ಎಂದು ಬೆಳಿಗ್ಗೆ ರಿಪೇರಿಯವಳೇ ಕೇಳಿದಳು.

“ಸಿಕ್ತು. ಕಸದ ಬುಟ್ಟಿ.”

ಅವಳು ಅವನ ಮುಖ ನೋಡಿದಳು. “ಎಷ್ಟರಿಂದ ಎಣಿಸಿದ್ರಿ?”

“ಒಂದರಿಂದ. ಇನ್ನೆಷ್ಟರಿಂದ ಎಣಿಸ್ತಾರೆ?”

“ಕಂಪ್ಯೂಟರ್ ಸೊನ್ನೆಯಿಂದ ಎಣಿಸುತ್ತೆ. ನಿಮ್ಮದು ಅದರ ಮುಂದಿನದು!”

ಅಂಗಡಿಯ ಬಾಗಿಲು ಎಳೆದುಕೊಂಡು ಬಿದ್ದೆನೋ ಎದ್ದೆನೋ ಎಂದು ಮನೆಗೆ ಓಡಿದ. ಕಸದ ಬುಟ್ಟಿಯ ಪಕ್ಕದಲ್ಲಿ ಒಂದು ಕೀ ಇತ್ತು.

ಅವಳಿದ್ದಾಗ ದಿನಾ ಸಂಜೆ ಬೆಲ್ ಒತ್ತಿ ನಿಲ್ಲುತ್ತಿದ್ದ. ಕೈ ಒರೆಸಿಕೊಳ್ಳುತ್ತಾ ಬಂದು ಬಾಗಿಲು ತೆಗೆದು, “ಇವತ್ತೂ ಕೀ ಮರೆತ್ರಾ? ಕೊರಳಿಗೆ ಕಟ್ಟಿ ಕಳಿಸ್ಲಾ?” ಎನ್ನುತ್ತಿದ್ದಳು. ಅವನು ಪೆಚ್ಚು ನಗೆ ನಕ್ಕು ಒಳಗೆ ಬರುತ್ತಿದ್ದ. ಅವಳ ಲೆಕ್ಕದಲ್ಲಿ ‘ಇವರು’ ಎಂದರೆ ಮರೆತುಹೋದ ಕೀ.

ಆ ಚಿತ್ರವನ್ನೇ ಆರಿಸಿ ಫೋಲ್ಡರಿನ ಮೇಲೆ ಕೂರಿಸಿದ. ಕಣ್ಣು ಮಂಜಾಗಿತ್ತು. ಪರದೆಯ ಹತ್ತಿರಕ್ಕೆ ಬಾಗಿ, “ಮರೀತಿರಲಿಲ್ಲ ಕಣೇ” ಎಂದ. “ನೀನು ಬಂದು ಬಾಗಿಲು ತೆಗೀಲಿ ಅಂತ ಅಂಗಡೀಲೇ ಬಿಟ್ಟು ಬರ್ತಿದ್ದೆ.”

ಕಂಪ್ಯೂಟರಿನ ಫ್ಯಾನು ತಿರುಗುತ್ತಿತ್ತು. ಬಚ್ಚಿಟ್ಟಿದ್ದನ್ನು ತೋರಿಸುವ ಟಿಕ್ ತೆಗೆದು, ಜೇಬಿನಲ್ಲಿ ಕೀ ಇದೆಯೇ ಎಂದು ಮುಟ್ಟಿ ನೋಡಿಕೊಂಡು ಅಂಗಡಿಗೆ ಹೊರಟ.