ಒಂದೂ ಬಿಡದ ರೋಜಾ

ಕುರುಗೋಡಿನ ಹುಸೇನ್ ಬೀಯವರಿಗೆ ಮೊಮ್ಮಗಳ ವಿಷಯದಲ್ಲಿದ್ದ ಹೆಮ್ಮೆ ಅವಳ ಕಸುಬಿನದಲ್ಲ. ಸುಮೈರಾ ಬಳ್ಳಾರಿಯ ಜೀನ್ಸ್ ಘಟಕವೊಂದರಲ್ಲಿ ನುರಿತ ಹೊಲಿಗೆಗಾರ್ತಿ ಎನಿಸಿಕೊಂಡಿದ್ದರೂ ಅಜ್ಜಿಯ ಮಾತು ಸದಾ ರಂಜಾನಿನ ಕಡೆಗೇ ಹೊರಳುತ್ತಿತ್ತು. ಮುಟ್ಟಿನ ದಿನಗಳಲ್ಲಿ ಹೆಣ್ಣುಮಕ್ಕಳು ರೋಜಾ, ಅಂದರೆ ಹಗಲಿನ ಉಪವಾಸ, ಬಿಡುವುದು, ಬಿಟ್ಟದ್ದನ್ನು ಮುಂದೆ ಹಿಡಿದು ತೀರಿಸುವುದು ರೂಢಿ. ಸುಮೈರಾ ಮಾತ್ರ ಎರಡು ರಂಜಾನುಗಳಲ್ಲಿ ಒಂದು ದಿನವನ್ನೂ ಬಿಟ್ಟಿರಲಿಲ್ಲ. ಅದು ಅಲ್ಲಾಹನು ಅವಳೊಬ್ಬಳಿಗೆ ಕರುಣಿಸಿದ ಭಾಗ್ಯವೆಂದು ಹುಸೇನ್ ಬೀ ಬಗೆದಿದ್ದರು. ಸಿರುಗುಪ್ಪದ ಭತ್ತದ ವ್ಯಾಪಾರಿ ಇನಾಯತನ ತಾಯಿ ಹೆಣ್ಣು ನೋಡಲು ಬಂದಾಗಲೂ, ಚಹಾ ಕೊಡುವ ಮೊದಲೇ ಅದನ್ನು ಹೇಳಿದ್ದರು. ಸಂಬಂಧ ಕುದುರಿತು.

ಮುಟ್ಟು ಬಾರದಿರುವುದು ಸುಮೈರಾಳಿಗೂ ಅನುಕೂಲವಾಗಿಯೇ ಕಂಡಿತ್ತು. ಆದರೆ ಗದ್ದದ ಮೇಲೆ ಗಡುಸಾದ ಕೂದಲು ಮೂಡುತ್ತಿತ್ತು. ಉಣ್ಣುವುದು ಅಷ್ಟೇ ಇದ್ದರೂ ಮೈ ಏರುತ್ತಿತ್ತು. ಕುತ್ತಿಗೆಯ ಹಿಂಭಾಗ ಕಪ್ಪಾಗಿತ್ತು. ದಿನವೂ ಕನ್ನಡಿಯೆದುರು ನಿಂತು ಅವಳು ಕೂದಲು ಕೀಳುವುದನ್ನು ಕಂಡ ಅತ್ತಿಗೆ ಸಾಜಿಯಾ, ಡಾಕ್ಟರರ ಬಳಿ ಹೋಗಲೇಬೇಕೆಂದು ಪಟ್ಟುಹಿಡಿದಳು. ಮದುವೆಗೆ ಮುನ್ನ ಮುಖ ತಿಳಿಯಾದರೆ ಒಳ್ಳೆಯದೆಂದು ಹುಸೇನ್ ಬೀ ತಾವೂ ಜೊತೆಗೆ ಹೊರಟರು.

ಬಳ್ಳಾರಿಯ ಕೋಟೆ ಗುಡ್ಡದ ಕೆಳಗೆ ಡಾಕ್ಟರ್ ಸುವರ್ಣಮ್ಮನವರ ದವಾಖಾನೆ. ಕಳೆದ ಸಲ ಮುಟ್ಟಾದದ್ದು ಯಾವಾಗ ಎಂದು ಕೇಳಿದರೆ ಸುಮೈರಾ ನೆಲ ನೋಡಿದಳು. ಮುಸ್ಲಿಂ ಓಣಿಗಳ ಹೆಂಗಸರನ್ನು ಬಹುಕಾಲದಿಂದ ಬಲ್ಲ ಡಾಕ್ಟರು ಪ್ರಶ್ನೆಯನ್ನು ಬದಲಿಸಿದರು.

"ಹೋದ ರಂಜಾನ್‌ದಾಗ ಎಷ್ಟು ರೋಜಾ ಬಿಟ್ಟಿ, ಮಗಳ?"

ಉತ್ತರಿಸಿದವರು ಹುಸೇನ್ ಬೀ. "ಒಂದೂ ಬಿಟ್ಟಿಲ್ರಿ ಅಮ್ಮಾರ. ಅದರ ಹಿಂದಿನ ವರ್ಷನೂ ಬಿಟ್ಟಿಲ್ಲ. ನಮ್ಮ ಓಣ್ಯಾಗ ಬ್ಯಾರೆ ಯಾವ ಹುಡುಗಿನೂ..."

ಮಾತು ಅಲ್ಲಿಗೇ ನಿಂತಿತು. ತಾವು ಊರಿಗೆಲ್ಲ ಸಾರಿಕೊಂಡು ಬಂದದ್ದು ಏನೆಂಬುದು ಅವರಿಗೆ ಆಗ ಅರಿವಾಯಿತು.

ಸ್ಕ್ಯಾನಿಂಗ್, ರಕ್ತಪರೀಕ್ಷೆಗಳಾದ ಮೇಲೆ ಡಾಕ್ಟರು ಪಿಸಿಓಎಸ್ ಎಂದರು. ಹಾರ್ಮೋನುಗಳು ಏರುಪೇರಾಗಿ ಅಂಡಾಶಯದಿಂದ ಅಂಡ ಸಕಾಲಕ್ಕೆ ಬಿಡುಗಡೆಯಾಗುತ್ತಿಲ್ಲ. ಕೂದಲು, ತೂಕ ಎಲ್ಲಕ್ಕೂ ಮೂಲ ಅದೇ. ಬಹಳ ಕಾಲ ಮುಟ್ಟು ನಿಂತರೆ ಗರ್ಭಕೋಶದ ಒಳಪದರ ದಪ್ಪವಾಗಿ ಕೇಡಾಗಬಹುದು, ಸಕ್ಕರೆ ಕಾಯಿಲೆಯೂ ಬೆನ್ನು ಹತ್ತಬಹುದು. ಅನೇಕರಿಗೆ ಇರುವಂಥದ್ದು, ನಾಚಬೇಕಾದ್ದಲ್ಲ, ಮಕ್ಕಳಾಗುವುದಿಲ್ಲವೆಂದೂ ಅಲ್ಲ. ಆದರೆ ಗುಳಿಗೆ, ನಡಿಗೆ, ಊಟದ ಹಿಡಿತ ಬಹುಕಾಲ ನಡೆಯಬೇಕು ಎಂದು ತಿಳಿಸಿದರು.

ಹಿಂದಿರುಗುವ ಬಸ್ಸಿನಲ್ಲಿ ಹುಸೇನ್ ಬೀ, ಮದುವೆ ಮುಗಿಯುವತನಕ ಈ ಸುದ್ದಿ ಸಿರುಗುಪ್ಪಕ್ಕೆ ಮುಟ್ಟಬಾರದೆಂದರು.

"ಗುಳಿಗಿ ಎಲ್ಲಿ ಬಚ್ಚಿಡ್ಬೇಕು ದಾದಿ, ಅಕ್ಕಿ ಡಬ್ಬ್ಯಾಗೇನು?" ಎಂದು ಸಾಜಿಯಾ ಅಜ್ಜಿಯನ್ನು ಕೆಣಕಿದಳು. "ಡಾಕ್ಟರು ಅನ್ನ ಕಡಿಮಿ ಮಾಡು ಅಂದಾರ, ಇಕಿ ಹೊಂಟಾಳ ಭತ್ತದ ಊರಿಗೆ."

ಸುಮೈರಾ ನಗಲಿಲ್ಲ. "ರೋಜಾದ ಮಾತು ಹೇಳಿದಾಕಿ ನೀನ, ದಾದಿ. ಇದನ್ನೂ ನೀನ ಹೇಳು. ಕದ್ದು ಔಷಧ ತಗೊಂಡು ಬಾಳೇವು ಮಾಡಾಕ ನನ್ನ ಕೈಲೆ ಆಗಂಗಿಲ್ಲ."

ಹುಸೇನ್ ಬೀ ಕೆಲವು ದಿನ ಮೊಮ್ಮಗಳೊಡನೆ ಮಾತು ಬಿಟ್ಟರು. ಬಳಿಕ ಒಬ್ಬರೇ ಸಿರುಗುಪ್ಪಕ್ಕೆ ಹೋಗಿ ಎಲ್ಲವನ್ನೂ ಹೇಳಿ ಬಂದರು. ಇನಾಯತನ ತಾಯಿ ಬೇಡವೆನ್ನಲಿಲ್ಲ, ಹೂಂ ಎಂದೂ ಅನ್ನಲಿಲ್ಲ. ಬರುವ ರಂಜಾನ್ ಕಳೆಯಲಿ, ಹುಡುಗಿ ಚೇತರಿಸಿಕೊಳ್ಳಲಿ ಎಂದಷ್ಟೇ ನುಡಿದರು. ಸಂಬಂಧ ಮುರಿದಂತೆಯೇ ಎಂದು ಅಜ್ಜಿ ಎಣಿಸಿದರು. ಸುಮೈರಾ ಮಾತ್ರ ದಿನವೂ ಕೆಲಸದ ಬಸ್ಸಿಗೆ ಮುಂಚೆ ಕುರುಗೋಡಿನ ಗುಡ್ಡದ ದಾರಿ ಹಿಡಿದು ನಡೆದಳು, ಅನ್ನ ತಗ್ಗಿಸಿ ಜೋಳದ ರೊಟ್ಟಿಗೆ ಹೊಂದಿಕೊಂಡಳು, ಗುಳಿಗೆ ತಪ್ಪಿಸಲಿಲ್ಲ.

ರಂಜಾನ್ ಬಂದಿತು. ಒಂದು ಮಧ್ಯಾಹ್ನ ಹುಸೇನ್ ಬೀ ಅಡುಗೆಮನೆಗೆ ಹೋದಾಗ ಸುಮೈರಾ ಬಾಗಿಲಿಗೆ ಬೆನ್ನು ಮಾಡಿ ಕುಳಿತು ರೊಟ್ಟಿ ತಿನ್ನುತ್ತಿದ್ದಳು. ಅಜ್ಜಿಯನ್ನು ಕಂಡು ತಟ್ಟೆಯನ್ನು ಸೆರಗಿನ ಮರೆಗೆ ಸರಿಸಿದಳು. ಉಪವಾಸದಿಂದ ತುಟಿ ಒಣಗಿದ್ದ ಅಜ್ಜಿ ಅವಳ ಮುಂದೆ ನೀರಿನ ತಂಬಿಗೆಯಿಟ್ಟು, ಸಾಜಿಯಾಳಿಂದ ಸಿರುಗುಪ್ಪಕ್ಕೆ ಫೋನು ಹಚ್ಚಿಸಿದರು.

"ನಮ್ಮ ಹುಡುಗಿ ಈ ಸಲ ರೋಜಾ ಬಿಟ್ಟಾಳ್ರಿ," ಎಂದರು. ದನಿಯಲ್ಲಿ ಹಿಂದಿನ ಹೆಮ್ಮೆಯೇ ಇತ್ತು.

ಅತ್ತಲಿನ ಮಾತನ್ನು ಬಹಳ ಹೊತ್ತು ಆಲಿಸಿ ಫೋನನ್ನು ಮೊಮ್ಮಗಳತ್ತ ಚಾಚಿದರು.

"ಮೊದಲ ರೊಟ್ಟಿ ನುಂಗು. ಆಮ್ಯಾಲ ಮಾತಾಡು, ನಿಮ್ಮತ್ತಿ ಅದಾರ."