ಕುಂಭಕರ್ಣನ ಕುರ್ಚಿ

ಅಂಗಿಯ ತೋಳಿಗೆ ಇಸ್ತ್ರಿ ಒತ್ತುತ್ತಲೇ ಅವಳು ಮೇಜಿನ ಮೇಲಿದ್ದ ಟ್ಯಾಬ್ಲೆಟ್ಟಿನತ್ತ ಓರೆಗಣ್ಣಿಟ್ಟಿದ್ದಳು. ಅದರ ಮೇಲೆ ಟವೆಲ್ ಹೊದಿಸಿದ್ದಳು. ಹಾಲಿನ ಪಕ್ಕ ಕೂತ ಬೆಕ್ಕನ್ನಾದರೂ ನಂಬಬಹುದು, ಇದನ್ನಲ್ಲ.

ಕಂಪ್ಯೂಟರ್ ಆಟ ಕಟ್ಟುವ ಹುಡುಗಿಯೊಬ್ಬಳು ತಿಂಗಳುಗಳ ಹಿಂದೆ ಬಂದು ಬಿಟ್ಟುಹೋಗಿದ್ದು ಅದು. ಅಣೆಕಟ್ಟಿನ ಗೇಟು ಕಾಯುತ್ತಿದ್ದ ಇವಳ ಗಂಡನ ಕಥೆಯಂತೆ. ಕಟ್ಟುಕಥೆಯಲ್ಲ, ಪ್ರವಾಹದ ವಿಚಾರಣೆಯಲ್ಲಿ ಹೇಳಿದ್ದೆಲ್ಲ ಇದೆಯಂತೆ; ಆಡುವವರೇ ಅವನ ಕುರ್ಚಿಯಲ್ಲಿ ಕೂರಬೇಕಂತೆ. ಅವನ ಹೆಸರು, ಫೋಟೋ ಬಳಸಲು ಒಪ್ಪಿಗೆ ಪತ್ರ ಬೇಕು. ಸಹಿಯೇನೋ ದಾಕ್ಷಿಣ್ಯಕ್ಕೆ ಹಾಕಿದ್ದಳು. ಕಳಿಸಲು ಮಾತ್ರ ಕೈ ಬಂದಿರಲಿಲ್ಲ. ಗೇಟು ಎತ್ತದೆ ಮಲಗಿದನೆಂದು ಊರು ಅವನಿಗೆ ಕುಂಭಕರ್ಣ ಎಂದು ಹೆಸರಿಟ್ಟೇ ಮಣ್ಣು ಮಾಡಿತ್ತು. ಇವರು ಪರದೆಯ ಮೇಲೂ ಗೊರಕೆ ಹೊಡೆಸಿದರೆ? ಮನೆ ಮುರಿಯುವವರು ನಗುನಗುತ್ತಲೇ ಬರುತ್ತಾರೆ.

ಆ ಹೆಸರನ್ನು ಮೊದಲು ಇಟ್ಟ ಮೈದುನನೇ ಅಂಗಿಗಾಗಿ ಬಂದ.

"ಇದಕ್ಕೇನತ್ತಿಗೆ, ಚಳಿಯಾ?"

"ಮುಟ್ಟಬೇಡ. ನಮ್ಮ ಮಾತು ಕದ್ದು ಕೇಳುತ್ತೋ ಏನೋ."

"ಕೇಳ್ಲಿ ಬಿಡಿ. ಅಣ್ಣ ನಿದ್ದೆ ಹೊಡ್ದು ಮೇಲ್ದಂಡೇಲಿದ್ದ ನನ್ನ ಅಂಗಡಿ ಮುಳುಗಿಸಿದ್ದು ಲೋಕಕ್ಕೇ ಗೊತ್ತು." ಟವೆಲ್ ಎಳೆದು ಕೂತೇಬಿಟ್ಟ. "ನಾನಾಗಿದ್ರೆ ಯಾವಾಗಲೋ ಎತ್ತಿರ್ತಿದ್ದೆ, ನೋಡ್ತಿರಿ."

ಪರದೆಯಲ್ಲಿ ಗೇಟಿನ ಕೋಣೆ. ಗೇಟು ಎತ್ತುವ ಚಕ್ರ, ಒಂದು ಫೋನು. ನೀರು ಏರುತ್ತಿತ್ತು. ಅವನು ಚಕ್ರಕ್ಕೆ ಬೆರಳಿಟ್ಟ. ಆ ಕೋಣೆಯ ಕಿಟಕಿಯಾಚೆ ಕೆಳದಂಡೆಯ ಮನೆಗಳಲ್ಲಿ ದೀಪಗಳು ಉರಿಯುತ್ತಿದ್ದವು. ಗೇಟು ಎತ್ತಿದರೆ ನೀರು ನುಗ್ಗುವುದು ಅಲ್ಲಿಗೇ. ಜನರನ್ನು ಅಲ್ಲಿಂದ ಸಾಗಿಸಿದ್ದಾರೋ ಇಲ್ಲವೋ, ಹೇಳಬೇಕಾದವರು ಫೋನಿನ ಆ ತುದಿಯಲ್ಲಿದ್ದರು. ಮೈದುನ ಫೋನು ಒತ್ತಿದ. ಮತ್ತೆ ಒತ್ತಿದ. ಒಂದು ಕಿಟಕಿಯಲ್ಲಿ ಯಾರದೋ ನೆರಳು ಮಗುವನ್ನು ತೂಗುತ್ತಿತ್ತು. ಚಕ್ರದತ್ತ ಹೋದ ಬೆರಳು ಹಿಂದೆ ಬಂತು.

ಅವಳು ಅವನ ಹೆಗಲ ಮೇಲಿಂದ ಬಗ್ಗಿ, ಗೊರಕೆ ಈಗ ಬರುತ್ತದೆ, ಈಗ ಬರುತ್ತದೆ ಎಂದು ಕಾದಳು.

"ಇನ್ನೂ ಮಲಗಿಸ್ಲಿಲ್ವಾ ನಿಮ್ಮಣ್ಣನ್ನ?"

ಅವನ ಬೆರಳು ಪುನಃ ಫೋನಿಗೆ ಹೋಯಿತು.

"ಗೆಲ್ಲೋದು ಹೇಗಂತೆ?"

"ಎತ್ರೋ!" ಮೈದುನ ಪರದೆಗೆ ಕೂಗಿದ. "ಯಾರಾದ್ರೂ ಫೋನ್ ಎತ್ರೋ!"

ಸೀದ ವಾಸನೆ ಬಂದಾಗಲೇ ಅವಳಿಗೆ ಇಸ್ತ್ರಿಯ ನೆನಪು. ಅಂಗಿಯ ತೋಳು ಕಂದು ಬಣ್ಣಕ್ಕೆ ತಿರುಗಿತ್ತು. ಅವನು ಅದನ್ನೇ ತೊಟ್ಟುಕೊಂಡ. ಅವಳು ಬಟ್ಟೆಗಳ ಅಡಿಯಿಂದ ಒಪ್ಪಿಗೆ ಪತ್ರದ ಲಕೋಟೆ ತೆಗೆದು ಕೊಟ್ಟಳು.

"ಹೋಗ್ತಾ ಇದನ್ನ ಹಾಕ್ಬಿಡಪ್ಪ."

ಕಿಟಕಿಯಿಂದ ನೋಡುತ್ತ ನಿಂತಳು. ಅವನನ್ನೂ ಹಾಗೇ ನಂಬುವಂತಿರಲಿಲ್ಲ. ತಿರುವಿನ ಅಂಚೆಪೆಟ್ಟಿಗೆಯ ಬಾಯೊಳಗೆ ಸುಟ್ಟ ತೋಳು ಹೋಯಿತು, ಖಾಲಿ ಕೈ ಹೊರಬಂತು. ಹಿಂದೆ, ಮೇಜಿನ ಮೇಲೆ, ಪರದೆಯಲ್ಲಿ ಯಾರೂ ಎತ್ತದ ಫೋನು ಇನ್ನೂ ಬಡಿದುಕೊಳ್ಳುತ್ತಿತ್ತು. ಅವಳು ಟವೆಲ್ಲನ್ನು ಮಡಿಸಿ ಬಟ್ಟೆಗಳ ಜೊತೆ ಇಟ್ಟಳು.